ಶಾಲಾ ಮಕ್ಕಳ ಹೃದಯ ತಪಾಸಣೆ

ಸುಮಾರು 5ರಿಂದ 17 ವರ್ಷದ ಮಕ್ಕಳ ಹೃದಯದ ರಚನೆ, ಬಡಿತ ಮತ್ತು ರಕ್ತದೊತ್ತಡವನ್ನು ಶಾಲೆಯಲ್ಲೇ ಅಥವಾ ಶಾಲೆಯ ಮೂಲಕ ಪರೀಕ್ಷಿಸುವ ಪದ್ಧತಿ. ವೈದ್ಯರು ಹುಡುಕಿದ್ದು ಕಾಲಕ್ಕೊಂದು ರೋಗ: ಮೊದಲು ರುಮ್ಯಾಟಿಕ್ ಜ್ವರ ಬಿಟ್ಟುಹೋದ ಕವಾಟದ ಊನ, ಆಮೇಲೆ ಹುಟ್ಟಿನಿಂದ ಬಂದ ದೋಷಗಳು, ಆಮೇಲೆ ದೊಡ್ಡವರ ಹೃದಯಾಘಾತದ ಎಳೆಯ ಬೇರುಗಳು, ಕೊನೆಗೆ ಆಟದ ಬಯಲಿನಲ್ಲಿ ಕುಸಿದುಬೀಳುವ ಮಗುವಿನ ಬಡಿತದ ಏರುಪೇರು. ಒಂದು ಹೋಗಿ ಇನ್ನೊಂದು ಬಂತು ಎನ್ನುವಂತಿಲ್ಲ. ಭಾರತದಲ್ಲಿ ಈ ನಾಲ್ಕೂ ಇವತ್ತಿಗೂ ಒಟ್ಟಿಗೇ ಇವೆ.

ಕಿವಿಗೊಟ್ಟ ಕಾಲ

ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ 1816ರಲ್ಲಿ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದ್ದರಿಂದ ಸ್ಟೆತೊಸ್ಕೋಪ್ ಹುಟ್ಟಿತು. ಅದು ಶಾಲೆಯ ಬಾಗಿಲಿಗೆ ಬರಲು ಬೇಕಾದದ್ದು ಒಂದು ಯುದ್ಧದ ಗಾಬರಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆಂದು ಸೈನ್ಯ ಸೇರಲು ಬಂದ ತರುಣರಲ್ಲಿ ಬಹಳ ಮಂದಿ ಮೈಕಟ್ಟಿಲ್ಲದೆ ತಿರಸ್ಕೃತರಾದಾಗ ಬ್ರಿಟನ್ ಎಚ್ಚೆತ್ತುಕೊಂಡಿತು. 1907ರ ಶಿಕ್ಷಣ ಕಾಯ್ದೆಯ ಮೂಲಕ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆ ಕಡ್ಡಾಯವಾಯಿತು. ಭಾರತದಲ್ಲಿ ಶಾಲಾ ಮಕ್ಕಳ ಮೊದಲ ತಪಾಸಣೆ ನಡೆದದ್ದು 1909ರಲ್ಲಿ, ಬರೋಡ ನಗರದಲ್ಲಿ.

ಅದೇ 1909ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್, ಆರೋಗ್ಯವಂತ ಮಕ್ಕಳ ಎದೆಯಲ್ಲೂ ಕೇಳಿಸುವ, ತಂತಿ ಮೀಟಿದಂಥ ಒಂದು ಮರ್ಮರ ಶಬ್ದವನ್ನು ತನ್ನ ಪುಸ್ತಕದಲ್ಲಿ ವಿವರಿಸಿದ. ಹೃದಯದ ಬಡಿತದ ನಡುವೆ ಕೇಳಿಬರುವ ಇಂಥ ಸದ್ದೆಲ್ಲ ರೋಗವಲ್ಲ ಎಂಬ ಈ ಮಾತು ಶಾಲಾ ತಪಾಸಣೆಯ ಇತಿಹಾಸದಲ್ಲಿ ಸ್ಟೆತೊಸ್ಕೋಪಿನಷ್ಟೇ ಮುಖ್ಯ. ನಿರಪಾಯದ ಮರ್ಮರ ಮಗು ಮಲಗಿದಾಗ ಜೋರಾಗಿ ಕೇಳುತ್ತದೆ, ಎದ್ದು ಕೂತರೆ ಕ್ಷೀಣಿಸುತ್ತದೆ. ಜ್ವರ ಬಂದಾಗ ಹೆಚ್ಚುತ್ತದೆ. ಇಷ್ಟನ್ನು ತಿಳಿಯಲು ಮಗುವನ್ನು ಬೆಂಚಿನ ಮೇಲೆ ಮಲಗಿಸಬೇಕು, ಕೂರಿಸಬೇಕು, ಅಂಗಿ ಬಿಚ್ಚಿಸಬೇಕು, ಸುತ್ತ ಸದ್ದಿರಬಾರದು. ಪಕ್ಕದ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ, ಇನ್ನೂರು ಮಕ್ಕಳ ಸಾಲು ಬಾಗಿಲಾಚೆ ಕಾಯುತ್ತಿರುವಾಗ ಇದು ಆಗುವ ಕೆಲಸವಲ್ಲ. ಎದೆಯ ಸದ್ದು ಕೇಳಿ ತೊಡೆಸಂದಿನ ನಾಡಿ ಮುಟ್ಟದೆ ಕಳಿಸಿದರೆ, ಮಹಾಧಮನಿ ಕಿರಿದಾಗಿರುವ ಮಗು ಕೈತಪ್ಪಿಹೋಗುತ್ತದೆ. ಅಂಥ ಮಗುವಿನ ಕೈಯಲ್ಲಿ ನಾಡಿ ಗಟ್ಟಿಯಾಗಿಯೂ ಕಾಲಿನಲ್ಲಿ ಮೆಲುವಾಗಿಯೂ ಬಡಿಯುತ್ತದೆ.

ಸ್ಟಿಲ್‌ನ ಎಚ್ಚರಿಕೆ ಬಹುಕಾಲ ಕಿವಿಗೆ ಬೀಳಲಿಲ್ಲ. ಮರ್ಮರ ಕೇಳಿದ ಮಕ್ಕಳಿಗೆ ಆಟ ಬಿಡಿಸುವುದು, ಮೆಟ್ಟಿಲು ಹತ್ತಿಸದಿರುವುದು ದಶಕಗಳ ಕಾಲ ನಡೆಯಿತು. 1967ರಲ್ಲಿ ಸಿಯಾಟಲ್‌ನ ಅಬ್ರಹಾಂ ಬರ್ಗ್‌ಮನ್ ಮತ್ತು ಸ್ಟ್ಯಾನ್ಲಿ ಸ್ಟಾಮ್ ಹೃದ್ರೋಗವಿದೆ ಎಂಬ ಹಣೆಪಟ್ಟಿ ಹೊತ್ತ ಶಾಲಾ ಮಕ್ಕಳನ್ನು ಮತ್ತೆ ಪರೀಕ್ಷಿಸಿದರು. ಹೆಚ್ಚಿನವರ ಹೃದಯ ಚೆನ್ನಾಗಿಯೇ ಇತ್ತು, ಆದರೂ ಅವರಲ್ಲಿ ಹಲವರನ್ನು ಮನೆಯವರು ಆಟ ಓಡಾಟಕ್ಕೆ ಬಿಡದೆ ಕಟ್ಟಿಹಾಕಿದ್ದರು. ನಿಜವಾದ ರೋಗಕ್ಕಿಂತ ಇಲ್ಲದ ರೋಗದಿಂದ ಮಕ್ಕಳು ಹೆಚ್ಚು ನರಳುತ್ತಿದ್ದಾರೆ ಎಂದು ಇಬ್ಬರೂ ತೀರ್ಮಾನಿಸಿದರು.

ಗಂಟಲಿನಿಂದ ಕವಾಟಕ್ಕೆ

1920ರ ದಶಕದ ಅಮೆರಿಕದಲ್ಲಿ ಶಾಲಾ ವಯಸ್ಸಿನವರ ಸಾವಿಗೆ ರುಮ್ಯಾಟಿಕ್ ಜ್ವರ ಪ್ರಮುಖ ಕಾರಣಗಳಲ್ಲೊಂದಾಗಿತ್ತು. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲು ನೋಯುತ್ತದೆ, ವಾಸಿಯೂ ಆಗುತ್ತದೆ. ಎರಡು ಮೂರು ವಾರ ಕಳೆದು ಮೊಣಕಾಲು, ಕಣಕಾಲು ಊದಿಕೊಳ್ಳುತ್ತವೆ. ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣಾಪಡೆ ಹೃದಯದ ಕವಾಟವನ್ನೂ ಶತ್ರುವೆಂದೇ ಬಗೆಯುತ್ತದೆ. ಕೀಲುನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಬಾಸ್ಟನ್‌ನ ಟಿ. ಡಕೆಟ್ ಜೋನ್ಸ್ 1944ರಲ್ಲಿ ಈ ಜ್ವರವನ್ನು ಗುರುತಿಸುವ ಲಕ್ಷಣಗಳ ಪಟ್ಟಿ ಕೊಟ್ಟ. ಹಲವು ಸಲ ತಿದ್ದುಪಡಿಯಾದ ಅದೇ ಪಟ್ಟಿ ಈಗಲೂ ಬಳಕೆಯಲ್ಲಿದೆ. 1950ರ ದಶಕದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದು ಬಂದ ಮೇಲೆ, ಇಂಥ ಮಕ್ಕಳನ್ನು ಹುಡುಕಿ ತೆಗೆಯುವುದಕ್ಕೆ ಅರ್ಥ ಬಂತು.

ಹುಟ್ಟುದೋಷಗಳ ವಿಷಯದಲ್ಲೂ ಹೀಗೇ ಆಯಿತು. ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ 1938ರ ಆಗಸ್ಟ್‌ನಲ್ಲಿ ಏಳು ವರ್ಷದ ಹುಡುಗಿಯೊಬ್ಬಳಲ್ಲಿ, ಹುಟ್ಟಿದ ಮೇಲೆ ಮುಚ್ಚಬೇಕಾಗಿದ್ದೂ ಮುಚ್ಚದೆ ಉಳಿದಿದ್ದ ರಕ್ತನಾಳವನ್ನು ಕಟ್ಟಿದ. ಅದಕ್ಕೆ ಮೊದಲು ಆ ದೋಷವನ್ನು ಗುರುತಿಸುವುದೆಂದರೆ ಹೆಸರಿಡುವುದಷ್ಟೇ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಹೃದಯ ವಿಭಾಗವನ್ನು 1930ರಿಂದ ನಡೆಸಿದ ಹೆಲೆನ್ ಟಾಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಸ್ಟೆತೊಸ್ಕೋಪಿನಲ್ಲಿ ಸಿಗದ ಮರ್ಮರವನ್ನು ಅವರು ಬೆರಳ ತುದಿಯಿಂದ ಮುಟ್ಟಿ ಗ್ರಹಿಸುತ್ತಿದ್ದರು. ಹೃದಯದೋಷದಿಂದ ನೀಲಿಗಟ್ಟಿದ ಮಕ್ಕಳಿಗೆ 1944ರಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಮಾಡಿದ ಶಸ್ತ್ರಚಿಕಿತ್ಸೆಯ ಹಿಂದೆ ಟಾಸಿಗ್ ಅವರ ಯೋಚನೆಯೂ ವಿವಿಯನ್ ಥಾಮಸ್ ಅವರ ಕೈಚಳಕವೂ ಇದ್ದವು.

ಬಿಪಿ ಪಟ್ಟಿ ಮತ್ತು ಬೊಗಲೂಸಾ

ತೋಳಿಗೆ ಪಟ್ಟಿ ಸುತ್ತಿ ಸ್ಟೆತೊಸ್ಕೋಪಿನಿಂದ ರಕ್ತದೊತ್ತಡ ಅಳೆಯುವುದನ್ನು ರಷ್ಯದ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲೇ ತೋರಿಸಿದ್ದರೂ ಮಕ್ಕಳಿಗೆ ಬಿಪಿ ನೋಡುವ ರೂಢಿ ಬೆಳೆದದ್ದು ತಡವಾಗಿ. ವಯಸ್ಸು ಮತ್ತು ಎತ್ತರ ಹೆಚ್ಚಿದಂತೆ ಒತ್ತಡವೂ ಏರುವುದರಿಂದ ಮಕ್ಕಳಿಗೆ ಒಂದೇ ಗೆರೆ ಹಾಕಲಾಗದು. ಅಮೆರಿಕದ ತಜ್ಞರ ತಂಡ 1977ರಲ್ಲಿ ಮಕ್ಕಳಿಗೆಂದೇ ಕೋಷ್ಟಕಗಳನ್ನು ಪ್ರಕಟಿಸಿತು. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ 40ರಷ್ಟಾದರೂ ಇರಬೇಕು, ಮಗು ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬಲತೋಳಿನಲ್ಲೇ ನೋಡಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಬರುತ್ತದೆ, ಸಣಕಲು ತೋಳಿಗೆ ದೊಡ್ಡವರ ಪಟ್ಟಿ ಸುತ್ತಿದರೆ ಇರುವ ಬಿಪಿ ಅಡಗುತ್ತದೆ.

ಮಕ್ಕಳಿಗೆ ಬಿಪಿ ಏಕೆ ನೋಡಬೇಕು ಎಂಬುದಕ್ಕೆ ಉತ್ತರ ಬಂದದ್ದು ಕೊರಿಯಾ ಯುದ್ಧದಿಂದ. ಅಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ವರದಿ ಕೊಟ್ಟರು: ಸರಾಸರಿ 22 ವಯಸ್ಸಿನ ಆ ಯುವಕರಲ್ಲಿ ಶೇ 77ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತಿತ್ತು. ಇಪ್ಪತ್ತೆರಡಕ್ಕೆ ಹೀಗಿದ್ದರೆ ಮೊದಲಾದದ್ದು ಯಾವಾಗ? ಲೂಸಿಯಾನದ ಬೊಗಲೂಸಾ ಎಂಬ ಪಟ್ಟಣದ ಮಕ್ಕಳನ್ನು ಜೆರಾಲ್ಡ್ ಬೆರೆನ್ಸನ್ 1973ರಿಂದ ದಶಕಗಳ ಕಾಲ ಹಿಂಬಾಲಿಸಿದರು. ಕರಿಯರು, ಬಿಳಿಯರು ಇಬ್ಬರೂ ಇದ್ದ ಊರದು. ಅಪಘಾತ ಮುಂತಾದವುಗಳಿಂದ ತೀರಿಕೊಂಡ 2ರಿಂದ 39 ವರ್ಷದ 204 ಮಂದಿಯ ಮರಣೋತ್ತರ ಪರೀಕ್ಷೆಯ ವರದಿ 1998ರಲ್ಲಿ ಬಂತು. ಬೊಜ್ಜು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಒಟ್ಟುಗೂಡಿದಷ್ಟೂ ನಾಳಗಳಲ್ಲಿ ಗಾಯ ಹೆಚ್ಚಿದ್ದವು.

ಇದೇ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ, ಹುಟ್ಟಿನ ದಿನಕ್ಕೇ ಒಯ್ದದ್ದು ಮೈಸೂರು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿದ್ದ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದವರನ್ನು ಸಂಶೋಧಕರು ಹುಡುಕಿದರು. 1996ರ ವರದಿಯ ಪ್ರಕಾರ ಎರಡೂವರೆ ಕೆ.ಜಿ.ಗಿಂತ ಹೆಚ್ಚು ತೂಗದೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗವಿತ್ತು, 3.1 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ಶೇ 3. ಅದೇ ಆಸ್ಪತ್ರೆಯಲ್ಲಿ 1997–98ರ ಸುಮಾರಿಗೆ ಹುಟ್ಟಿದ ಮಕ್ಕಳನ್ನು 'ಪಾರ್ಥೆನನ್' ಅಧ್ಯಯನದವರು ಶಾಲಾ ವಯಸ್ಸಿನುದ್ದಕ್ಕೂ ಕರೆದು ಬಿಪಿ, ಸಕ್ಕರೆ, ಮೈಕೊಬ್ಬು ನೋಡಿದ್ದಾರೆ. ಸಣಕಲಾಗಿ ಹುಟ್ಟಿ ಆಮೇಲೆ ದಪ್ಪಗಾಗುವ ಮಗುವಿಗೇ ಅಪಾಯ ಹೆಚ್ಚು ಎಂಬ ತಿಳಿವಳಿಕೆಯಲ್ಲಿ ಮೈಸೂರಿನ ಪಾಲು ದೊಡ್ಡದು. ಮೊಮ್ಮಗು ಗುಂಡಗಾದರೆ ದೃಷ್ಟಿ ತೆಗೆದು ಸಂಭ್ರಮಿಸುವ ನಮ್ಮ ಮನೆಗಳಿಗೆ ಇದು ಅಷ್ಟು ಸುಲಭವಾಗಿ ಇಳಿಯುವ ಮಾತಲ್ಲ.

ಇಸಿಜಿಯ ಜಗಳ

ನಾರ್ವೆಯ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ 1957ರಲ್ಲಿ ಒಂದು ಕುಟುಂಬದ ಕತೆ ಬರೆದರು. ಹುಟ್ಟುಕಿವುಡರಾದ ನಾಲ್ಕು ಮಕ್ಕಳು ಆಗಾಗ ಮೂರ್ಛೆ ಬೀಳುತ್ತಿದ್ದರು, ಮೂವರು ಹಠಾತ್ತನೆ ತೀರಿಕೊಂಡರು. ಸ್ಟೆತೊಸ್ಕೋಪಿಗೆ ಹೃದಯ ಸರಿಯಾಗಿತ್ತು. ದೋಷ ಕಂಡದ್ದು ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಸಿಜಿಯಲ್ಲಿ: ಬಡಿತದ ಬಳಿಕ ಹೃದಯ ಮರಳಿ ಸಜ್ಜಾಗಲು ಹಿಡಿಯುವ ಹೊತ್ತು ಉದ್ದವಾಗಿತ್ತು. ಅಂದಮೇಲೆ ಎಲ್ಲ ಮಕ್ಕಳಿಗೂ ಇಸಿಜಿ ತೆಗೆಯಬೇಡವೆ?

ಹೌದೆಂದದ್ದು ಜಪಾನ್. ಅಲ್ಲಿ 1973ರಲ್ಲಿ ಶಾಲಾ ಹೃದಯ ತಪಾಸಣೆ ಕಾನೂನಾಯಿತು. 1995ರಿಂದ ಒಂದು, ಏಳು ಮತ್ತು ಹತ್ತನೆಯ ತರಗತಿಯ ಎಲ್ಲರಿಗೂ ಇಸಿಜಿ ಕಡ್ಡಾಯ. ಜೊತೆಗೆ ಮನೆಯವರು ತುಂಬಿಕೊಡುವ ಪ್ರಶ್ನಾವಳಿ ಇರುತ್ತದೆ, ಅದರಲ್ಲಿ ಮಕ್ಕಳ ಹೃದಯದ ರಕ್ತನಾಳಗಳನ್ನು ಕೆಡಿಸಬಲ್ಲ ಕಾವಾಸಾಕಿ ರೋಗ ಬಂದಿತ್ತೆ ಎಂದೂ ಕೇಳುತ್ತಾರೆ. ಇಟಲಿ 1982ರಲ್ಲಿ ಆಟಗಾರರಿಗೆ ಮಾತ್ರ ಈ ನಿಯಮ ತಂದಿತು. ವೆನೆಟೊ ಪ್ರಾಂತ್ಯದಲ್ಲಿ ಆಟಗಾರರ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2003–04ರ ಹೊತ್ತಿಗೆ 0.4ಕ್ಕೆ ಇಳಿಯಿತೆಂದು ಪಾಡುವಾದ ವೈದ್ಯರು 2006ರಲ್ಲಿ ತಿಳಿಸಿದರು. ಇಸ್ರೇಲ್ 1997ರಲ್ಲಿ ಇಂಥದೇ ಕಾನೂನು ಮಾಡಿತು, ಆದರೆ 2011ರ ಅಧ್ಯಯನದಲ್ಲಿ ಅಲ್ಲಿ ಸಾವು ತಗ್ಗಿದ್ದು ಕಾಣಲಿಲ್ಲ. ಅಮೆರಿಕದ ಹೃದ್ರೋಗ ಸಂಘ ಎಲ್ಲರಿಗೂ ಇಸಿಜಿ ಬೇಡವೆಂದು, ಓಡುವಾಗ ಎದೆನೋವು ಬಂತೆ, ಮೂರ್ಛೆ ಬಿತ್ತೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡಿದ್ದಾರೆಯೆ ಎಂಬಂಥ ಪ್ರಶ್ನೆಗಳಿಗೇ ಒತ್ತು ಕೊಟ್ಟಿದೆ. ಬಡ ಶಾಲೆಗೂ ಈ ಪ್ರಶ್ನೆಗಳು ಕೈಗೆಟುಕುತ್ತವೆ.

ಎಕೋ ತೋರಿಸಿದ್ದು

ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಶ್ರವಣಾತೀತ ತರಂಗದಿಂದ ಹೃದಯ ನೋಡಿದರು; ಇದೇ ಎಕೋ. ಯಂತ್ರ ಕೈಚೀಲದಷ್ಟಾದ ಮೇಲೆ ಅದು ಶಾಲೆಗೆ ಬಂತು. ಕಾಂಬೋಡಿಯ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆತೊಸ್ಕೋಪಿಗೆ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ರುಮ್ಯಾಟಿಕ್ ಹೃದ್ರೋಗ ಎಕೋದಲ್ಲಿ ಸಿಕ್ಕಿತು. ಹರಿಯಾಣದ ಬಲ್ಲಭಗಡದಲ್ಲಿ ದೆಹಲಿಯ ಏಮ್ಸ್ ವೈದ್ಯರು 6,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ ಕಿವಿಗೆ ಸಾವಿರಕ್ಕೆ 0.8, ಎಕೋಗೆ ಸಾವಿರಕ್ಕೆ 20.4.

ಹೀಗೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರಲಿಲ್ಲ. ಇದೂ ಇಲ್ಲದ ರೋಗವೇ ಎಂಬ ಹಳೆಯ ಸಂಶಯ ಮತ್ತೆ ಎದ್ದಿತು. ಉಗಾಂಡದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಕೋ ಮಾಡಿ, ಸುಪ್ತ ರೋಗವಿದ್ದ 818 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿತು: ಎರಡು ವರ್ಷದಲ್ಲಿ ಪೆನ್ಸಿಲಿನ್ ಪಡೆದವರಲ್ಲಿ ಶೇ 0.8, ಪಡೆಯದವರಲ್ಲಿ ಶೇ 8.2 ಮಂದಿಗೆ ರೋಗ ಮುಂದುವರಿದಿತ್ತು.

ಭಾರತ ಮತ್ತು ಕರ್ನಾಟಕ

ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಇಲ್ಲವೆಂದೇ ಹೇಳಬೇಕು ಎಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಬರೆಯಿತು. 1960ರಲ್ಲಿ ಶಾಲಾ ಆರೋಗ್ಯಕ್ಕೆಂದೇ ರೇಣುಕಾ ರೇ ಸಮಿತಿ ನೇಮಕವಾಯಿತು. ಕಣ್ಣು, ಹಲ್ಲು, ತೂಕ ನೋಡಿ ಮುಗಿಸುವ ವಾಡಿಕೆ ಮಾತ್ರ ಬಹುಕಾಲ ಉಳಿಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನವರಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದೋಷ, ರುಮ್ಯಾಟಿಕ್ ಹೃದ್ರೋಗ ಎರಡನ್ನೂ ಸೇರಿಸಿತು. ಸಂಚಾರಿ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು, ಸಂಶಯವಿದ್ದ ಮಗುವಿಗೆ ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಚೀಟಿ ಹಿಡಿದ ತಾಯಿ ಕೂಲಿ ಬಿಟ್ಟು, ಬಸ್ಸು ಹಿಡಿದು ಆಸ್ಪತ್ರೆ ಮುಟ್ಟಿದರೆ ಮಾತ್ರ ತಪಾಸಣೆ ಪೂರ್ತಿಯಾದಂತೆ.

ಹಾಸನ ಜಿಲ್ಲೆಯಲ್ಲಿ 2025ರ ಮೇ–ಜೂನ್‌ನಲ್ಲಿ ಸಾಲಾಗಿ ವರದಿಯಾದ ಹಠಾತ್ ಸಾವುಗಳ ಬಳಿಕ ರಾಜ್ಯ ಸರ್ಕಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಹದಿನೈದರ ವಯಸ್ಸಿನ ಹೊತ್ತಿಗೆ ಮಕ್ಕಳಿಗೆ ಶಾಲೆಯಲ್ಲೇ ಹೃದಯ ತಪಾಸಣೆ ಆಗಬೇಕೆಂಬುದು ಅದರ ಶಿಫಾರಸುಗಳಲ್ಲೊಂದು. ರುಮ್ಯಾಟಿಕ್ ಜ್ವರ ಹೆಚ್ಚಾಗಿ ಹಿಡಿಯುವುದು 5ರಿಂದ 15ರೊಳಗೆ. ಆ ಕವಾಟಗಳ ಮಟ್ಟಿಗೆ ಹತ್ತನೆಯ ತರಗತಿಯವರೆಗೆ ಕಾಯುವುದು ತಡವೇ.