ಹಲ್ಲಿಗೆ ಹಾಕುವ ಟೋಪಿಯ ಕಥೆ

ಊರಿನ ಕಟ್ಟೆಯ ಮೇಲೆ ಈ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ: "ಹಲ್ಲಿಗೆ ಕ್ಯಾಪ್ ಹಾಕ್ತೀವಿ ಅಂತಾರೆ, ಆಮೇಲೆ ನಮಗೇ ಟೋಪಿ ಹಾಕ್ತಾರೆ. ಕಿತ್ತು ಬಿಸಾಕಿದ್ರೆ ಆಯ್ತು." ದುಡ್ಡಿನ ಚಿಂತೆ ಸುಳ್ಳಲ್ಲ. ಆದರೆ ಹಲ್ಲು ಉಳಿಸುವ ದಾರಿ ಸಿಗಲು ಮನುಷ್ಯ ಎಷ್ಟು ಪಾಡುಪಟ್ಟ ಅನ್ನುವುದೂ ತಿಳಿದಿರಲಿ.

ರೋಮನ್ನರಿಗಿಂತ ಮೊದಲೇ ಇಟಲಿಯಲ್ಲಿ ಮೆರೆದವರು ಎಟ್ರುಸ್ಕನ್ ಜನ. ಅವರ ಗೋರಿಗಳಲ್ಲಿ 2,500 ವರ್ಷಗಳಷ್ಟು ಹಳೆಯ, ಚಿನ್ನದ ಪಟ್ಟಿ ಸುತ್ತಿದ ಹಲ್ಲುಗಳು ಸಿಕ್ಕಿವೆ. ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುವ ಉಪಾಯ ಅದು. ಉಳ್ಳವರಿಗೆ ಮಾತ್ರ ಎಟುಕುತ್ತಿತ್ತು.

1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಪುಸ್ತಕ ಬರೆದ. ನಾವು ಇಂದಿಗೂ 'ಹುಳುಕು ಹಲ್ಲು' ಅನ್ನುತ್ತೇವಲ್ಲ, ಯುರೋಪಿನವರೂ ಹಲ್ಲು ತಿನ್ನುವುದು ಹುಳ ಅಂತಲೇ ನಂಬಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದ ಫೋಶಾರ್‌ಗೆ ಹುಳ ಕಾಣಲಿಲ್ಲ. ಉಳಿದ ಬೇರಿನೊಳಗೆ ಲೋಹದ ಕಡ್ಡಿ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ನಿಲ್ಲಿಸುವ ವಿಧಾನವನ್ನೂ ಆತ ವಿವರಿಸಿದ. ಮುಂದೆ ಕೆಲವರು ಮರದ ಗೂಟ ಬಳಸಿದರು. ಅದು ಜೊಲ್ಲಿಗೆ ಉಬ್ಬಿ ಬಿಗಿಯಾಗುತ್ತಿತ್ತು, ಕೆಲವೊಮ್ಮೆ ಬೇರನ್ನೇ ಸೀಳುತ್ತಿತ್ತು. ಒಳಗೆ ಕೀವಾದರೆ ನರಳಬೇಕು, ಅಷ್ಟೆ. ಈಥರ್ ಕೊಟ್ಟು ನೋವು ಮರೆಸುವುದನ್ನು ಅಮೆರಿಕದ ದಂತವೈದ್ಯ ಮಾರ್ಟನ್ ಜನರ ಮುಂದೆ ತೋರಿಸಿದ್ದೇ 1846ರಲ್ಲಿ.

ಗೂಟದ ಹಲ್ಲಿಗಾಗಿ ಉಳಿದ ಹಲ್ಲನ್ನು ಒಸಡಿನ ಮಟ್ಟಕ್ಕೆ ಕತ್ತರಿಸಬೇಕಿತ್ತು. ಅಮೆರಿಕದ ಡೆಟ್ರಾಯಿಟ್ ನಗರದ ಚಾರ್ಲ್ಸ್ ಲ್ಯಾಂಡ್ ಬೇರೆ ದಾರಿ ಹಿಡಿದ. ಹಲ್ಲನ್ನು ಸುತ್ತಲೂ ತುಸು ಸವೆಸಿ, ತೆಳು ಪ್ಲಾಟಿನಂ ಹಾಳೆಯ ಮೇಲೆ ಪಿಂಗಾಣಿ ಸುಟ್ಟು, ಅಂಗಿ ತೊಡಿಸಿದಂತೆ ಹೊದಿಸಿದ. 1880ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ವಿಮಾನ ಹಾರಿಸಿದ ಚಾರ್ಲ್ಸ್ ಲಿಂಡ್‌ಬರ್ಗ್ ಈತನ ಮಗಳ ಮಗ.

ಪಿಂಗಾಣಿ ನೋಡಲು ಚೆಂದ, ಆದರೆ ಬಿರಿಯುತ್ತಿತ್ತು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚು ಕರಗಿಸಿ ಆ ಜಾಗಕ್ಕೆ ಚಿನ್ನ ಸುರಿಯುವುದನ್ನು ದಂತವೈದ್ಯರಿಗೆ ತೋರಿಸಿದ. ನಮ್ಮ ಪಂಚಲೋಹದ ವಿಗ್ರಹ ಎರಕ ಹೊಯ್ಯುವುದೂ ಇದೇ ಬಗೆಯಲ್ಲಿ. ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವ ಕ್ಯಾಪಿಗೆ 1962ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದು ಇಂದಿಗೂ ಬಳಕೆಯಲ್ಲಿದೆ. ಈಗ ಕಂಪ್ಯೂಟರ್ ಕೆತ್ತುವ ಜಿರ್ಕೋನಿಯಾ ಕ್ಯಾಪ್ ಕೂಡ ಬಂದಿದೆ.

ರೂಟ್ ಕೆನಾಲ್ ಆದ ದವಡೆ ಹಲ್ಲು ಒಳಗೆ ಟೊಳ್ಳಾಗಿ, ಅಗಿಯುವಾಗ ಸೀಳಬಹುದು. ಅದಕ್ಕೇ ಕ್ಯಾಪ್ ಹೇಳುತ್ತಾರೆ. ಆದರೆ ಕ್ಯಾಪ್ ಹಾಕಿದ ಮೇಲೂ ಒಸಡಿನ ಅಂಚಿನಲ್ಲಿ ಹಲ್ಲು ಹುಳುಕಾಗಬಹುದು, ಉಜ್ಜುವುದು ತಪ್ಪಬಾರದು. ಎಲ್ಲ ಹಲ್ಲಿಗೂ ಕ್ಯಾಪ್ ಬೇಕಿಲ್ಲ. ಹಾಗಾಗಿ ಒಪ್ಪುವ ಮೊದಲು ಮೂರು ಮಾತು ಕೇಳಿ: ಬೇರು ಗಟ್ಟಿಯಿದೆಯಾ? ಯಾವ ಬಗೆಯ ಕ್ಯಾಪ್? ಎಲ್ಲ ಸೇರಿ ಎಷ್ಟಾಗುತ್ತೆ?

ಉತ್ತರ ಸರಿಯಾಗಿ ಸಿಕ್ಕರೆ, ಟೋಪಿ ಹಲ್ಲಿಗೇ ಬೀಳುತ್ತದೆ, ನಮಗಲ್ಲ.