ಗೃಹಬಳಕೆಯ ನೋಟ್‌ಬುಕ್ ಖರೀದಿ: ಪ್ರೊಸೆಸರ್ ವೈಶಿಷ್ಟ್ಯಗಳ ಹೋಲಿಕೆ

ಬಂಟ್ವಾಳ ತಾಲ್ಲೂಕಿನ ಪೊಳಲಿ ಹಾಗೂ ಆಸುಪಾಸಿನ ಗ್ರಾಮಗಳ ಕುಟುಂಬಗಳು ಮಕ್ಕಳ ವಿದ್ಯಾಭ್ಯಾಸ, ಬ್ಯಾಂಕ್ ವ್ಯವಹಾರ ಮತ್ತು ಸರ್ಕಾರಿ ಸೇವೆಗಳ ಅರ್ಜಿ ಸಲ್ಲಿಕೆಗಾಗಿ ನೋಟ್‌ಬುಕ್ ಗಣಕಯಂತ್ರ (ಲ್ಯಾಪ್‌ಟಾಪ್) ಖರೀದಿಸುವಾಗ ಸಾಮಾನ್ಯವಾಗಿ ಬೆಲೆ ಹಾಗೂ ಯಂತ್ರದ ಮೇಲಿನ ಚೀಟಿ ಇವೆರಡನ್ನೇ ಗಮನಿಸುತ್ತವೆ. ಪ್ರೊಸೆಸರ್ ಎಂಬುದು ಯಂತ್ರದ ಎಲ್ಲಾ ಲೆಕ್ಕಾಚಾರಗಳನ್ನು ನಿರ್ವಹಿಸುವ ಬಿಡಿಭಾಗ. ಇತ್ತೀಚಿನ ನೋಟ್‌ಬುಕ್‌ಗಳಲ್ಲಿ ಇದನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರಲಾಗುತ್ತದೆ. ಡಿಸ್ಕನ್ನು ಬಹುತೇಕ ಯಂತ್ರಗಳಲ್ಲಿ ನಂತರ ಬದಲಾಯಿಸಿಕೊಳ್ಳಬಹುದು. ಪ್ರೊಸೆಸರನ್ನು ಬದಲಾಯಿಸಲು ಬರುವುದಿಲ್ಲ. ಆದುದರಿಂದ ಹಣ ಪಾವತಿಸುವ ಮುನ್ನವೇ ಇದರ ಪರಿಶೀಲನೆ ಆಗತಕ್ಕದ್ದು.

ಕೇವಲ ಜಾತಿ, ಆದಾಯ ಪ್ರಮಾಣಪತ್ರಗಳಂತಹ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಲುವಾಗಿ ನೋಟ್‌ಬುಕ್ ಖರೀದಿಸುವ ಅವಶ್ಯಕತೆ ಇರುವುದಿಲ್ಲ. ನಾಡಕಚೇರಿ ಹಾಗೂ ಗ್ರಾಮ ಒನ್ ಕೇಂದ್ರಗಳ ಮೂಲಕವೂ ಅರ್ಜಿ ಸಲ್ಲಿಸಬಹುದಾಗಿದೆ.

ಚೀಟಿಯ ಹೆಸರು ಮತ್ತು ಪೂರ್ಣ ಮಾದರಿ ಸಂಖ್ಯೆ

'ಕೋರ್ ಐ5', 'ರೈಜೆನ್ 5' ಎಂಬುವು ದರ್ಜೆಯ ಹೆಸರುಗಳು ಮಾತ್ರ. ಅವುಗಳಿಂದ ಪ್ರೊಸೆಸರ್‌ನ ವಯಸ್ಸಾಗಲೀ ಸಾಮರ್ಥ್ಯವಾಗಲೀ ತಿಳಿಯುವುದಿಲ್ಲ. ಉದಾಹರಣೆಗೆ, 2016ರ ಐ5-7200ಯು ಪ್ರೊಸೆಸರ್‌ನಲ್ಲಿ ಎರಡು ಕೋರ್‌ಗಳಿದ್ದರೆ, ಅದರ ಮರುವರ್ಷ ಬಂದ ಐ5-8250ಯು ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್‌ಗಳಿವೆ. ಎರಡರ ಚೀಟಿಯ ಮೇಲೂ 'ಐ5' ಎಂದೇ ಮುದ್ರಿತವಾಗಿರುತ್ತದೆ. ಅಡ್ಡಗೆರೆಯ ನಂತರದ ಮೊದಲ ಅಂಕಿ (10ನೇ ತಲೆಮಾರಿನಿಂದೀಚೆಗೆ ಮೊದಲ ಎರಡು ಅಂಕಿಗಳು) ತಲೆಮಾರನ್ನು ಸೂಚಿಸುತ್ತವೆ. ಅದರಂತೆ 8250 ಎಂದರೆ 8ನೇ ತಲೆಮಾರು, 1235 ಎಂದರೆ 12ನೇ ತಲೆಮಾರು.

ಹೆಚ್ಚಿನ ದರ್ಜೆಗೆ ಹೆಚ್ಚಿನ ಬೆಲೆ ತೆರುವ ಮುನ್ನವೂ ಹೋಲಿಕೆ ಮಾಡುವುದು ಸೂಕ್ತ. ಐ5-1235ಯು ಮತ್ತು ಐ7-1255ಯು ಇವೆರಡರಲ್ಲೂ ಇರುವುದು ತಲಾ 10 ಕೋರ್, 12 ಥ್ರೆಡ್ ಮತ್ತು 12 ಎಂ.ಬಿ. ಕ್ಯಾಶ್ ಮೆಮೊರಿ. ಮುಖ್ಯ ವ್ಯತ್ಯಾಸವೆಂದರೆ ಗರಿಷ್ಠ ವೇಗ: ಮೊದಲನೆಯದರದು 4.4 ಗಿಗಾಹರ್ಟ್ಸ್, ಎರಡನೆಯದರದು 4.7. ಪತ್ರ ಬೆರಳಚ್ಚು, ಆನ್‌ಲೈನ್ ತರಗತಿ, ಯಕ್ಷಗಾನದ ವಿಡಿಯೋ ವೀಕ್ಷಣೆ ಮುಂತಾದ ಕೆಲಸಗಳಲ್ಲಿ ಈ ಅಂತರವು ಅನುಭವಕ್ಕೆ ಬರುವಂತಹದ್ದಲ್ಲ. ಉಳಿಯುವ ಹಣವನ್ನು 8 ಜಿ.ಬಿ. ಬದಲಿಗೆ 16 ಜಿ.ಬಿ. ಮೆಮೊರಿಗೆ ವಿನಿಯೋಗಿಸುವುದು ಹೆಚ್ಚು ಪ್ರಯೋಜನಕಾರಿ.

ಎಎಂಡಿ ಸಂಸ್ಥೆಯ 7000 ಸರಣಿಯಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇಲ್ಲಿ ಮೊದಲ ಅಂಕಿಯು ವರ್ಷವನ್ನೂ ಮೂರನೆಯ ಅಂಕಿಯು ಒಳವಿನ್ಯಾಸವನ್ನೂ ಸೂಚಿಸುತ್ತದೆ. ರೈಜೆನ್ 5 7520ಯು ಎಂಬುದು ಹಳೆಯ ಝೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳ ಪ್ರೊಸೆಸರ್. ರೈಜೆನ್ 5 7530ಯು ಎಂಬುದು ಝೆನ್ 3 ವಿನ್ಯಾಸದ ಆರು ಕೋರ್‌ಗಳದ್ದು. ಒಂದೇ ಅಂಕಿಯ ವ್ಯತ್ಯಾಸವೆಂದು ಅಲಕ್ಷಿಸುವವರೇ ಅಧಿಕ. ಇದಲ್ಲದೆ 7520ಯು ಇರುವ ಯಂತ್ರಗಳಲ್ಲಿ ಮೆಮೊರಿಯೂ ಬೆಸುಗೆ ಹಾಕಿದ್ದೇ ಆಗಿರುವುದರಿಂದ, 8 ಜಿ.ಬಿ. ಕೊಂಡವರಿಗೆ ಕೊನೆಯವರೆಗೂ 8 ಜಿ.ಬಿ. ಮಾತ್ರ.

ಕೋರ್ ಮತ್ತು ಗಿಗಾಹರ್ಟ್ಸ್

ಕೋರ್ ಎಂದರೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಲೆಕ್ಕಾಚಾರದ ಘಟಕ. ಇಂಟೆಲ್ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡು 2008ರಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಜಿಯಾನ್ ಪ್ರೊಸೆಸರ್ ದೊಡ್ಡ ಸರ್ವರ್‌ಗಳಿಗೆ ಮೀಸಲಾಗಿತ್ತು. ಈಗ ಐ3-1215ಯು ಇರುವ ಸಾಧಾರಣ ಗೃಹಬಳಕೆಯ ಯಂತ್ರದಲ್ಲಿಯೇ ಆರು ಕೋರ್‌ಗಳಿವೆ. ಆದರೆ ಇವುಗಳಲ್ಲಿ ಎರಡು ಮಾತ್ರ ವೇಗದ ಕೋರ್‌ಗಳು, ಉಳಿದ ನಾಲ್ಕು ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು ಎಂಬುದನ್ನು ಗಮನಿಸಬೇಕು. ಗಿಗಾಹರ್ಟ್ಸ್ ಸಂಖ್ಯೆಯನ್ನು ಒಂದೇ ವಿನ್ಯಾಸದ ಪ್ರೊಸೆಸರ್‌ಗಳ ನಡುವೆ ಮಾತ್ರ ಹೋಲಿಸತಕ್ಕದ್ದು. 2003ರಲ್ಲಿ ಬಂದ ಪೆಂಟಿಯಮ್ ಎಂ ಕಡಿಮೆ ಗಿಗಾಹರ್ಟ್ಸ್‌ನಲ್ಲಿಯೇ ಪೆಂಟಿಯಮ್ 4ಕ್ಕೆ ಸಮನಾಗಿ ಕೆಲಸ ಮಾಡುತ್ತಿತ್ತು.

ವಿದ್ಯುತ್ ಬಳಕೆ

ಕರಾವಳಿಯ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ನಿಲುಗಡೆಯಾಗುವುದು ಹೊಸ ವಿಷಯವೇನಲ್ಲ. ಪರೀಕ್ಷೆಯ ಅರ್ಜಿಗೆ ಕೊನೆಯ ದಿನದಂದು ಬ್ಯಾಟರಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಇಲ್ಲಿನ ಮನೆಗಳಿಗೆ ನಿಜವಾದ ಪ್ರಶ್ನೆ. ಮಾದರಿ ಸಂಖ್ಯೆಯ ಕೊನೆಯಲ್ಲಿ 'ಯು' ಅಕ್ಷರವಿದ್ದರೆ ಅದು ಸಾಮಾನ್ಯವಾಗಿ 15 ವಾಟ್ ಮೂಲ ಬಳಕೆಯ ಪ್ರೊಸೆಸರ್. 'ಎಚ್' ಎಂದಿದ್ದರೆ ಸಾಮಾನ್ಯವಾಗಿ 45 ವಾಟ್. 50 ವಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಪರದೆಯೂ ಸೇರಿ ಸರಾಸರಿ 10 ವಾಟ್ ಬಳಸಿದಲ್ಲಿ ಐದು ಗಂಟೆ ನಡೆಯುತ್ತದೆ, 25 ವಾಟ್ ಬಳಸಿದಲ್ಲಿ ಎರಡೇ ಗಂಟೆ. ಹೆಚ್ಚು ವಾಟ್ ಎಂದರೆ ಹೆಚ್ಚು ಶಾಖ, ಹೆಚ್ಚು ಫ್ಯಾನ್ ಶಬ್ದ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇದು ಇನ್ನಷ್ಟು ತಿಳಿಯುತ್ತದೆ. ಪೊಳಲಿ ಜಾತ್ರೆಯ ಚೆಂಡಿನ ದಿನಗಳ ಚಿತ್ರೀಕರಣವನ್ನು ಮನೆಯಲ್ಲಿಯೇ ಸಂಕಲನ ಮಾಡುವ ಯುವಕರಿಗೆ 'ಎಚ್' ಪ್ರೊಸೆಸರ್ ಸಮರ್ಥನೀಯ. ಇತರರಿಗೆ 'ಯು' ಸಾಕು.

ಬಳಸಿದ ಯಂತ್ರಗಳು

ಕಚೇರಿಗಳಲ್ಲಿ ಬಳಸಿ ಬಿಟ್ಟ 6ನೇ ಹಾಗೂ 7ನೇ ತಲೆಮಾರಿನ ಯಂತ್ರಗಳನ್ನು ಕಡಿಮೆ ಬೆಲೆಗೆ ಮಾರಲಾಗುತ್ತಿದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ವಿಂಡೋಸ್ 11ಕ್ಕೆ, ಕೆಲವು ಅಪವಾದಗಳನ್ನು ಹೊರತುಪಡಿಸಿ, ಇಂಟೆಲ್ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಅಗತ್ಯ. ಎಎಂಡಿ ನೋಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ ರೈಜೆನ್ 3000 ಸರಣಿ ಅಥವಾ ನಂತರದ್ದು. ಹಳೆಯ ಪ್ರೊಸೆಸರ್‌ಗೆ ಹೇಗೋ ವಿಂಡೋಸ್ 11 ಅಳವಡಿಸಿ ಮಾರುವವರೂ ಇದ್ದಾರೆ. ಅಂತಹ ಯಂತ್ರಕ್ಕೆ ಮುಂದಿನ ನವೀಕರಣಗಳ ಖಾತರಿ ಇರುವುದಿಲ್ಲ. ಅಂಗಡಿಯಲ್ಲಿಯೇ ಯಂತ್ರವನ್ನು ಚಾಲನೆಗೊಳಿಸಿ, 'ಸೆಟ್ಟಿಂಗ್ಸ್'ನಲ್ಲಿ 'ಸಿಸ್ಟಮ್', ಅದರಲ್ಲಿ 'ಅಬೌಟ್' ತೆರೆದರೆ ಪ್ರೊಸೆಸರ್‌ನ ಪೂರ್ಣ ಹೆಸರು ಕಾಣುತ್ತದೆ. ಇದಕ್ಕೆ ಎರಡು ನಿಮಿಷ ಸಾಕು.

ಆರ್ಮ್ ಪ್ರೊಸೆಸರ್‌ಗಳು

2024ರಿಂದ ಸ್ನ್ಯಾಪ್‌ಡ್ರಾಗನ್ ಎಕ್ಸ್ ಪ್ರೊಸೆಸರ್‌ನ ವಿಂಡೋಸ್ ನೋಟ್‌ಬುಕ್‌ಗಳು ಮಾರುಕಟ್ಟೆಯಲ್ಲಿವೆ. ಇವುಗಳ ಬ್ಯಾಟರಿ ಬಾಳಿಕೆ ಉತ್ತಮವಾಗಿದೆ. ಹಳೆಯ ತಂತ್ರಾಂಶಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಅನುಕರಣೆಯ ಮೂಲಕ ನಡೆಯುತ್ತವೆಯಾದರೂ, ಸಾಧನಗಳ ಡ್ರೈವರ್‌ಗಳು ಆರ್ಮ್‌ಗಾಗಿಯೇ ಸಿದ್ಧಪಡಿಸಿದವಾಗಿರಬೇಕು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ಸಾಧನ, ಹಳೆಯ ಪ್ರಿಂಟರ್ ಅಥವಾ ಸ್ಕ್ಯಾನರ್ ಬಳಸುವವರು ಅವುಗಳ ಆರ್ಮ್ ಡ್ರೈವರ್ ಲಭ್ಯವಿದೆಯೇ ಎಂದು ತಯಾರಕರಲ್ಲಿ ವಿಚಾರಿಸಿದ ನಂತರವೇ ಖರೀದಿಸತಕ್ಕದ್ದು.

ಬಿಲ್ಲು ಮತ್ತು ದೂರು

ಬಿಲ್ಲಿನಲ್ಲಿ 'ಐ5 ಲ್ಯಾಪ್‌ಟಾಪ್' ಎಂದಷ್ಟೇ ಬರೆದಿದ್ದಲ್ಲಿ ಒಪ್ಪತಕ್ಕದ್ದಲ್ಲ. ಪ್ರೊಸೆಸರ್‌ನ ಪೂರ್ಣ ಮಾದರಿ ಸಂಖ್ಯೆ, ಮೆಮೊರಿಯ ಪ್ರಮಾಣ ಹಾಗೂ ಯಂತ್ರದ ಕ್ರಮಸಂಖ್ಯೆಯನ್ನು ಬರೆಸಿಕೊಳ್ಳಬೇಕು; ದೂರು ನೀಡುವ ಸಂದರ್ಭ ಒದಗಿದರೆ ಇದೇ ಪ್ರಮುಖ ದಾಖಲೆ. ಹೇಳಿದ್ದೊಂದು, ಕೊಟ್ಟದ್ದೊಂದು ಎಂದಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಅಂದರೆ ಹೊರರಾಜ್ಯದ ಮಾರಾಟಗಾರರಿಂದ ಅಂತರ್ಜಾಲದ ಮೂಲಕ ಖರೀದಿಸಿದ ಪೊಳಲಿಯ ನಿವಾಸಿಯೂ ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಆಯೋಗವನ್ನು ಸಂಪರ್ಕಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ದೂರಿಗೆ ಶುಲ್ಕ ಇರುವುದಿಲ್ಲ. ದೂರಿಗೆ ಕಾರಣ ಉಂಟಾದ ದಿನಾಂಕದಿಂದ ಎರಡು ವರ್ಷಗಳ ಒಳಗಾಗಿ ಸಲ್ಲಿಸತಕ್ಕದ್ದು.