ವೇಗದ ಕದಿರು ಮತ್ತು ಬೇರಿಂಗಿನ ರಕ್ಷಣೆ: ಬೆಳಗಾವಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಒಂದು ಪ್ರಸಿದ್ಧ ಯಂತ್ರೋದ್ಯಮದ ಎರಡು ಆದಿನೆಲೆಗಳ ನಡುವೆ ಹಬ್ಬಿದೆ. ದಕ್ಷಿಣಕ್ಕೆ, 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದ ಬೆಳಗಾವಿ. ಉತ್ತರಕ್ಕೆ, 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಅವರು ನೆಲೆಗೊಳಿಸಿದ ಕಿರ್ಲೋಸ್ಕರವಾಡಿ. ಅವರ ಮೊದಲ ಸರಕುಗಳು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು. ಇವುಗಳ ವೇಗವು ಮನುಷ್ಯನ ಕೈಯನ್ನೂ ಎತ್ತಿನ ನಡಿಗೆಯನ್ನೂ ಮೀರಿದುದಲ್ಲವಾದ್ದರಿಂದ ಸಮತೋಲನದ ಪ್ರಶ್ನೆ ಅಲ್ಲಿ ಗೌಣವಾಗಿತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯೂ 1953ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ಸ್ಥಾಪಿತವಾದವು. ನೇಗಿಲಿನಿಂದ ಲೇತಿಗೆ ಸಾಗಿದ ಈ ಪಯಣದಲ್ಲಿ ಸರಕಿನೊಡನೆ ವೇಗವೂ ಬದಲಾಯಿತೆಂಬುದನ್ನು ನಾವು ಮರೆಯಲಾಗದು.

ತಿರುಗುವ ಕದಿರಿನ, ಅಂದರೆ ಸ್ಪಿಂಡಲಿನ, ಗುರುತ್ವಕೇಂದ್ರವು ಅಕ್ಷದ ಮೇಲೆಯೇ ಇರದಿದ್ದರೆ ಕೇಂದ್ರಾಪಗಾಮಿ ಬಲವು ಹುಟ್ಟಿ ಬೇರಿಂಗನ್ನು ಸುತ್ತುಸುತ್ತಿಗೂ ಒತ್ತುತ್ತದೆ. ಅಕ್ಷದಿಂದ 50 ಮಿಲಿಮೀಟರ್ ದೂರದಲ್ಲಿ ಒಂದೇ ಗ್ರಾಂ ಹೆಚ್ಚಿದೆಯೆನ್ನೋಣ. ನಿಮಿಷಕ್ಕೆ 3000 ಸುತ್ತುಗಳಲ್ಲಿ ಅದರ ಬಲ ಸುಮಾರು ಅರ್ಧ ಕಿಲೋಗ್ರಾಂ ತೂಕದಷ್ಟು. 12000 ಸುತ್ತುಗಳಲ್ಲಿ ಸುಮಾರು 8 ಕಿಲೋಗ್ರಾಂ ತೂಕದಷ್ಟು. ವೇಗ ನಾಲ್ಮಡಿಯಾದರೆ ಬಲ ಹದಿನಾರು ಮಡಿ. ಗುಂಡಿನ ಬೇರಿಂಗಿನ ಮೇಲಿನ ಒಟ್ಟು ಭಾರ ಇಮ್ಮಡಿಯಾದರೆ ಅದರ ಆಯುಷ್ಯವು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ.

ಇದಕ್ಕೆ ಚರಿತ್ರೆಯಲ್ಲಿ ಎರಡು ಪರಿಹಾರಗಳು ಕಾಣುತ್ತವೆ. ಮೊದಲನೆಯದು ಈ ಸೀಮೆಗೆ ಪರಿಚಿತವಾದುದೇ. ಕಾಗವಾಡದ ಸಮೀಪದ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ತಿರುಗುಬುಟ್ಟಿಯಲ್ಲಿ ಪಾಕವು ಎಂದೂ ಸಮನಾಗಿ ಹರಡದು. ಆದುದರಿಂದ ಹವಾಯಿಯಲ್ಲಿ ದುಡಿದ ಡೇವಿಡ್ ವೆಸ್ಟನ್ನನ ಹೆಸರಿನಿಂದ ಪ್ರಸಿದ್ಧವಾದ ಯಂತ್ರದಲ್ಲಿ ಕದಿರನ್ನು ಮೇಲಿನಿಂದ ತೂಗಬಿಡಲಾಗುತ್ತದೆ. ಅದು ತೂಗಾಡಿ ತನ್ನ ಕೇಂದ್ರವನ್ನು ತಾನೇ ಅರಸಿಕೊಳ್ಳುತ್ತದೆ. ಆದರೆ ಲೇತಿನ ಅಥವಾ ಸಾಣೆಯಂತ್ರದ ಕದಿರಿಗೆ ಈ ಸ್ವಾತಂತ್ರ್ಯವಿಲ್ಲ. ಅದು ತೂಗಾಡಿದರೆ ಕೆಲಸದ ನಿಖರತೆಯೇ ಕೆಡುತ್ತದೆ. ಆದ್ದರಿಂದ ಅದರ ತೂಕವನ್ನೇ ತಿದ್ದಬೇಕು.

ತಿದ್ದುವ ಮೊದಲು ದೋಷದ ನೆಲೆಯನ್ನು ಅರಿಯಬೇಕು. ಸಮತಲವಾದ ಎರಡು ಅಲಗುಗಳ ಮೇಲೆ ಕದಿರನ್ನಿಟ್ಟರೆ ಭಾರದ ಮಗ್ಗುಲು ಕೆಳಕ್ಕೆ ಹೊರಳುತ್ತದೆ. ಆದರೆ ಎರಡು ತುದಿಗಳಲ್ಲಿ ಪರಸ್ಪರ ವಿರುದ್ಧವಾಗಿರುವ ಸಮಭಾರಗಳು ಈ ಪರೀಕ್ಷೆಗೆ ಸಿಕ್ಕವು. ತಿರುಗಿದಾಗ ಮಾತ್ರ ಕದಿರನ್ನು ಅಲುಗಿಸುತ್ತವೆ. 1907ರಲ್ಲಿ ಜರ್ಮನಿಯ ಲಾವಾಚೆಕ್ ರೂಪಿಸಿದ ಯಂತ್ರವು ಕದಿರನ್ನು ತಿರುಗಿಸಿಯೇ ಪರೀಕ್ಷಿಸುವ ಮಾರ್ಗವನ್ನು ತೆರೆಯಿತು. ಇಂದಿನ ಅಂತರರಾಷ್ಟ್ರೀಯ ಮಾನದಲ್ಲಿ ಅತಿನಿಖರ ಕದಿರುಗಳಿಗೆ ಹೇಳಿರುವ 0.4ರ ದರ್ಜೆಯಂತೆ, 12000 ಸುತ್ತುಗಳಲ್ಲಿ ಗುರುತ್ವಕೇಂದ್ರವು ಮಿಲಿಮೀಟರಿನ ಸುಮಾರು ಮೂರು ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ಸರಿದಿರಕೂಡದು.

ಇದರಿಂದ ನಾವು ತಲಪುವ ನಿರ್ಣಯವಿಷ್ಟು: ಸವೆದ ಬೇರಿಂಗನ್ನು ಬದಲಿಸಿ ಕದಿರನ್ನು ಪರೀಕ್ಷಿಸದೆ ಬಿಟ್ಟರೆ, ಅಸಮತೋಲನವೇ ಕಾರಣವಾಗಿದ್ದಲ್ಲಿ, ಹೊಸ ಬೇರಿಂಗೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ವೇಗವನ್ನು ಏರಿಸುವ ಪ್ರತಿಯೊಂದು ಕಾರ್ಯಾಗಾರವೂ ಈ ಪರೀಕ್ಷೆಯ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.